ಕರಾರು ಓದಿಯೇ ವಿಮಾನ ಹತ್ತಿ

ನರಗುಂದದ ದೈಹಿಕ ಶಿಕ್ಷಕರೇ, 28ನೇ ವಯಸ್ಸಿಗೆ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿ ಹೊರದೇಶಕ್ಕೆ ಹೋಗುವ ಆಸೆ ತಡವಾಯಿತೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಆದರೆ ಏಜೆಂಟ್‌ಗೆ ದುಡ್ಡು ಕಟ್ಟುವ ಮಾತು ಈಗ ಬೇಡ.

ಬಿ.ಪಿ.ಇಡಿ. ನಿಮಗೆ ಶಾಲೆಯ ಬಾಗಿಲು ತೆರೆದಿದೆ. ಕ್ಲಬ್‌ಗಳ ಬಾಗಿಲಿಗೆ ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಕೋಚಿಂಗ್ ಡಿಪ್ಲೊಮಾ ಇದ್ದರೆ ಒಳ್ಳೆಯದು. ಎರೆಮಣ್ಣಿನ ಅಂಗಳ ಬೇಸಿಗೆಯಲ್ಲಿ ಬಿರುಕು ಬಿಟ್ಟು ಚೆಂಡು ಅಡ್ಡಾದಿಡ್ಡಿ ಪುಟಿಯುತ್ತದೆ ಎಂದು ಬರೆದಿದ್ದೀರಿ. ಹಾಗಾದರೆ ಡ್ರಿಬಲ್ ಬಿಟ್ಟು ಪಾಸ್ ಮತ್ತು ಕಾಲ್ಚಲನೆಯನ್ನೇ ತಿದ್ದಿ. ರಿಂಗ್‌ಗೆ ತಗುಲಿದ ಚೆಂಡನ್ನು ದಾಳಿಯ ತಂಡವೇ ಹಿಡಿದರೆ ಮತ್ತೆ ಬುಟ್ಟಿಗೆ ಎಸೆಯಲು ಸಿಗುವುದು 14 ಸೆಕೆಂಡು. ಅಷ್ಟರಲ್ಲಿ ಮಕ್ಕಳು ಹೇಗೆ ಮತ್ತೆ ದಾಳಿ ಕಟ್ಟುತ್ತಾರೆ ಎಂಬುದನ್ನು ವಿಡಿಯೊ ಮಾಡಿಡಿ. ಪ್ರಮಾಣಪತ್ರಕ್ಕಿಂತ ಅದು ಜೋರಾಗಿ ಮಾತಾಡುತ್ತದೆ.

ಪರಭಾಷೆಯವನ ಮಾತು ಆಟಗಾರರು ಕೇಳುತ್ತಾರೆಯೇ ಎಂಬ ಅಂಜಿಕೆ ಬಿಡಿ. 2014ರಲ್ಲಿ ವುಹಾನ್‌ನಲ್ಲಿ ಭಾರತ ಚೀನಾವನ್ನು 65-58ರಿಂದ ಮಣಿಸಿದಾಗ ನಮ್ಮ ಕೋಚ್ ಅಮೆರಿಕದ ಸ್ಕಾಟ್ ಫ್ಲೆಮಿಂಗ್.

ನನಗೆ ನಿಜಕ್ಕೂ ಚಿಂತೆ ಇರುವುದು ಕರಾರಿನದು. ನಾಲ್ಕು ಪಂದ್ಯ ಸೋತರೆ ಮೊದಲು ಹೋಗುವುದು ಕೋಚ್‌ನ ತಲೆ. ನಡುವೆ ತೆಗೆದರೆ ಎಷ್ಟು ಸಂಬಳ, ಮನೆ ಯಾರದು, ಮರಳುವ ಟಿಕೆಟ್ ಯಾರದು, ಎಲ್ಲವೂ ಬರಹದಲ್ಲಿರಲಿ. ಕ್ಲಬ್ ಕೆಲಸವಾದರೆ, ವ್ಯಾಜ್ಯ ಬಂದಾಗ ಜಿನೀವಾದ ಬ್ಯಾಸ್ಕೆಟ್‌ಬಾಲ್ ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋಗಬಹುದೆಂಬ ಷರತ್ತನ್ನು ಸೇರಿಸಿ ಎಂದು ಕೇಳಿ. ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾ 2007ರಲ್ಲಿ ಅದನ್ನು ಶುರುಮಾಡಿದ್ದೇ ಇಂಥ ಬಾಕಿ ಸಂಬಳದ ಜಗಳಗಳಿಗೆ. ಷರತ್ತು ಕರಾರಿನಲ್ಲಿ ಇಲ್ಲದಿದ್ದರೆ ಅದು ನಿಮ್ಮ ದೂರು ಕೇಳುವುದಿಲ್ಲ. ಸರ್ಕಾರಿ ಕೆಲಸವಿದ್ದರೆ ರಾಜೀನಾಮೆ ಕೊಡುವ ಮೊದಲು ವೇತನರಹಿತ ರಜೆ ಸಿಗುತ್ತದೆಯೇ ಎಂದು ಇಲಾಖೆಯಲ್ಲಿ ವಿಚಾರಿಸಿ.