ಅಡಮಾನ ಸಾಲದ ಅರ್ಜಿ ಏಕೆ ವಾಪಸು ಬರುತ್ತದೆ?



ಕೊರಟಗೆರೆ ಕಡೆಯ ಸದಸ್ಯರೊಬ್ಬರು ಒಂದು ಮಧ್ಯಾಹ್ನ ಸಂಘದ ಕಚೇರಿಗೆ ಬಂದು ಕುಳಿತರು. ಎರಡು ಎಕರೆ ಅಡಿಕೆ ತೋಟ, ಒಳ್ಳೆಯ ದುಡಿಮೆಗಾರರು. ಟವೆಲಿನಿಂದ ಮುಖ ಒರೆಸಿಕೊಂಡು, “ಸೆಕ್ರೆಟ್ರಿಗಳೇ, ನನ್ ಮುಖ ನೋಡೇ ಸಾಲ ಇಲ್ಲ ಅಂದ್ಬುಟ್ರು” ಎಂದರು. ಅವರ ಕೈಯಲ್ಲಿದ್ದ ಕಾಗದಗಳನ್ನು ನಾವು ಬಿಡಿಸಿ ನೋಡಿದೆವು. ಪಹಣಿಯ 9ನೇ ಕಾಲಮ್ಮಿನಲ್ಲಿ ಇದ್ದದ್ದು ಅವರ ತಂದೆಯವರ ಹೆಸರು. ತಂದೆಯವರು ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಬ್ಯಾಂಕಿನವರು ಇವರ ಮುಖವನ್ನು ನೋಡಿಯೇ ಇರಲಿಲ್ಲ, ನೋಡಿದ್ದು ಆ ಕಾಲಮ್ಮನ್ನು.

ಅಷ್ಟು ಹೊತ್ತಿಗೆ ಅವರು ಊರಿನಲ್ಲೇ 3 ಲಕ್ಷ ಕೈಸಾಲ ಮಾಡಿಯಾಗಿತ್ತು, ನೂರಕ್ಕೆ ಮೂರು ರೂಪಾಯಿ ಬಡ್ಡಿ. ಅಂದರೆ ತಿಂಗಳಿಗೆ 9,000 ರೂಪಾಯಿ. ರಾಜ್ಯ ಸರ್ಕಾರವು 2023-24ರ ಬಜೆಟ್‌ನಲ್ಲಿ ಸಹಕಾರಿ ಸಂಸ್ಥೆಗಳ ಮೂಲಕ ಶೇ. 3ರ ಬಡ್ಡಿಯಲ್ಲಿ ಕೊಡುವ ಮಧ್ಯಮಾವಧಿ ಮತ್ತು ದೀರ್ಘಾವಧಿ ಸಾಲದ ಮಿತಿಯನ್ನು 10 ಲಕ್ಷದಿಂದ 15 ಲಕ್ಷಕ್ಕೆ ಏರಿಸಿತು. ಆ ದರದಲ್ಲಿ 3 ಲಕ್ಷಕ್ಕೆ ಇಡೀ ವರ್ಷದ ಬಡ್ಡಿ 9,000 ರೂಪಾಯಿ. ಅಲ್ಲಿ ವರ್ಷಕ್ಕೆ ಕೊಡುವುದನ್ನು ಇಲ್ಲಿ ಅವರು ತಿಂಗಳು ತಿಂಗಳೂ ಎಣಿಸಿ ಕೊಡುತ್ತಿದ್ದರು. ಒಂದು ಪೌತಿ ಖಾತೆ ಮಾಡಿಸದೆ ಹೋದುದರ ಬೆಲೆ ಇದು.

ಇಂಥ ಬಡ್ಡಿಯಿಂದ ಬೇಸಾಯಗಾರನನ್ನು ಬಿಡಿಸಬೇಕೆಂದೇ 1929ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಹಕಾರಿ ಭೂ ಅಡಮಾನ ಬ್ಯಾಂಕು ಹುಟ್ಟಿತು. ನಾವು ಇಂದಿಗೂ ಪಿ.ಎಲ್.ಡಿ. ಬ್ಯಾಂಕ್ ಎಂದು ಕರೆಯುವುದು ಅದೇ ವಂಶದ ತಾಲ್ಲೂಕು ಬ್ಯಾಂಕುಗಳನ್ನು. ಹೆಸರು ಎಷ್ಟು ಸಲ ಬದಲಾದರೂ ಅಡಮಾನದ ತತ್ವ ಬದಲಾಗಿಲ್ಲ. ಸಾಲಗಾರ ಕಂತು ತಪ್ಪಿದರೆ ಆ ಜಮೀನು ಕಾನೂನಿನ ಮುಂದೆ ನಿಲ್ಲುತ್ತದೆಯೇ ಎಂಬುದನ್ನು ಬ್ಯಾಂಕಿನ ವಕೀಲರು ಮೊದಲು ನೋಡುತ್ತಾರೆ. ನಿಮ್ಮ ಗುಣ ನಡತೆಯ ಮಾತು ಆಮೇಲೆ.

ಆದುದರಿಂದ ವಕೀಲರ ಕಣ್ಣಿನಿಂದಲೇ ಪಹಣಿ ಓದುವುದನ್ನು ನಾವು ಕಲಿಯಬೇಕು. 9ನೇ ಕಾಲಮ್ಮಿನಲ್ಲಿ ಹಕ್ಕುದಾರರ ಹೆಸರು, ವಿಸ್ತೀರ್ಣ. 10ರಲ್ಲಿ ಅದು ಹೇಗೆ ಬಂತು ಎಂಬುದು. 11ರಲ್ಲಿ ಇತರ ಹಕ್ಕುಗಳು ಮತ್ತು ಋಣ. 12ರಲ್ಲಿ ಸಾಗುವಳಿ ಮತ್ತು ಬೆಳೆ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಬಂದಾಗ ಎಷ್ಟೋ ಮಂದಿಯ ಹೆಸರಿನ ಅಕ್ಷರಗಳು ಏರುಪೇರಾದವು. ಆಧಾರ್‌ನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು ಎಂದಾದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ಇನ್ನು ಬೆಳೆಯ ಕಾಲಮ್ಮು. ತೋಟದಲ್ಲಿ ಹತ್ತು ವರ್ಷದ ಅಡಿಕೆ ಮರ ನಿಂತಿರುತ್ತದೆ, ಪಹಣಿಯಲ್ಲಿ ಮಾತ್ರ ರಾಗಿ ಅಥವಾ ಕಡ್ಲೆಕಾಯಿ ಎಂದಿರುತ್ತದೆ. ಖುಷ್ಕಿ ಎಂದು ಬರೆದಿರುವ ಜಮೀನಿಗೆ ತೋಟದ ಲೆಕ್ಕದಲ್ಲಿ ಸಾಲ ಕೊಡಿ ಎಂದರೆ ಯಾವ ಮ್ಯಾನೇಜರೂ ಸಹಿ ಹಾಕಲಾರರು. ಬೆಳೆ ಸಮೀಕ್ಷೆಯ ಸಮಯದಲ್ಲಿ ನಮ್ಮ ಜಮೀನಿಗೆ ಸರಿಯಾದ ಬೆಳೆ ದಾಖಲಾಯಿತೇ ಎಂದು ವಿಚಾರಿಸಲು ಅರ್ಧ ದಿನವೂ ಬೇಡ.

ಹಕ್ಕಿನ ವಿಷಯದಲ್ಲಿ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹೆಚ್ಚಾಗಿ ಕಾಣುವ ತೊಡಕು ಜಂಟಿ ಖಾತೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲಾಗಿ, ಬದು ಹಾಕಿಕೊಂಡು, ಇಪ್ಪತ್ತು ವರ್ಷದಿಂದ ಬೇರೆ ಬೇರೆ ಉಳುತ್ತಿರುತ್ತಾರೆ. ಸರ್ವೆ ನಂಬರು ಮಾತ್ರ ಒಂದೇ, ಪೋಡಿ ಆಗಿಲ್ಲ. ತಮ್ಮನ ಪಾಲು ಯಾವುದೆಂದು ನಕ್ಷೆಯಲ್ಲಿ ತೋರಿಸಲಾಗದಿದ್ದರೆ ಬ್ಯಾಂಕು ಯಾವುದನ್ನು ಅಡವು ಹಿಡಿಯಬೇಕು? ಉಳಿದ ಹಕ್ಕುದಾರರು ಎಲ್ಲರೂ ಬಂದು ಸಹಿ ಮಾಡಬೇಕು, ಇಲ್ಲವೇ ಪಾಲು ಪತ್ರ ನೋಂದಾಯಿಸಿ ಪೋಡಿ ಮಾಡಿಸಿಕೊಳ್ಳಬೇಕು.

ಹೆಣ್ಣುಮಕ್ಕಳ ಸಹಿ ಏಕೆ ಬೇಕು ಎಂದು ಹಲವರು ನಮ್ಮ ಮೇಲೆ ರೇಗುತ್ತಾರೆ. ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ಬಂದಿತ್ತು; 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯಿದೆಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಬಂತು. ಆ ಕಾಯಿದೆ ಜಾರಿಯಾದ ದಿನ ತಂದೆ ಬದುಕಿರಬೇಕೆಂಬ ನಿಯಮವೇನೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ತಂದೆಯ ಸ್ವಯಾರ್ಜಿತವೇ ಆದರೂ ಉಯಿಲು ಬರೆಯದೆ ತೀರಿಕೊಂಡಿದ್ದರೆ 1956ರ ಕಾಯಿದೆಯಿಂದಲೇ ಮಗಳು ವಾರಸುದಾರಳು. ವಂಶವೃಕ್ಷದಲ್ಲಿ ಅಕ್ಕತಂಗಿಯರ ಹೆಸರು ಬಿಟ್ಟು ಅರ್ಜಿ ಹಾಕಿದವರು ಬ್ಯಾಂಕಿಗೆ ಸುಳ್ಳು ದಾಖಲೆ ಕೊಟ್ಟಂತಾಗುತ್ತದೆ. ಗೌರಿ ಹಬ್ಬಕ್ಕೆ ಬಾಗಿನ ಕೊಡುವ ದಿನ ಕಾಗದ ಮುಂದಿಟ್ಟು “ಇಲ್ಲೊಂದು ಸೈನ್ ಹಾಕಮ್ಮ” ಎನ್ನುವ ಪದ್ಧತಿಯೂ ನಮಗೆ ಸರಿಕಾಣದು. ಏನು ಸಾಲ, ಯಾವ ಜಮೀನಿನ ಮೇಲೆ, ಎಷ್ಟು ವರ್ಷಕ್ಕೆ ಎಂದು ಕೂರಿಸಿಕೊಂಡು ಹೇಳಿದರೆ ಅವರೂ ಒಪ್ಪಿಯಾರು. ಒಪ್ಪದಿದ್ದರೆ ಅದು ಅವರ ಹಕ್ಕು.

ಸರ್ಕಾರದಿಂದ ಮಂಜೂರಾದ ಜಮೀನಾಗಿದ್ದರೆ ಸಾಗುವಳಿ ಚೀಟಿಯ ಷರತ್ತುಗಳನ್ನು ಓದಿಸಿಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕ್ರಯಕ್ಕೆ ಪಡೆದಿದ್ದರೆ, 1978ರ ಕಾಯಿದೆಯ ಪ್ರಕಾರ ಆ ಕ್ರಯವೇ ನಿಲ್ಲುವುದಿಲ್ಲ, ಸಾಲದ ಮಾತು ದೂರವೇ ಉಳಿಯಿತು. ಬಗರ್‌ಹುಕುಂ ಅರ್ಜಿಯ ಸ್ವೀಕೃತಿ ಹಕ್ಕುಪತ್ರವಲ್ಲ. ಪಾವಗಡದ ತಿರುಮಣಿ ಕಡೆ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟವರು ಕರಾರಿನ ಪ್ರತಿಯನ್ನೂ ಜೊತೆಗೆ ಒಯ್ಯಬೇಕು.

11ನೇ ಕಾಲಮ್ಮಿನ ವಿಷಯಕ್ಕೆ ನಮ್ಮದೇ ಉದಾಹರಣೆ ಕೊಡುತ್ತೇವೆ. ಊರಿನವರ ಕಾಗದವನ್ನೆಲ್ಲ ತಿದ್ದುವ ನಮ್ಮ ಅರ್ಜಿಯೇ ಒಮ್ಮೆ ಒಂದು ಬ್ಯಾಂಕಿನಿಂದ ವಾಪಸು ಬಂತು. ಪಂಪ್‌ಸೆಟ್‌ಗೆಂದು ತೆಗೆದ ಹಳೆಯ ಸಾಲವನ್ನು ಪೂರ್ತಿ ತೀರಿಸಿ, ರಸೀದಿಯನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ನೆಮ್ಮದಿಯಾಗಿದ್ದೆವು. ಋಣ ಮಾತ್ರ ಪಹಣಿಯಲ್ಲೂ ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರದಲ್ಲೂ ಹಾಗೆಯೇ ಕುಳಿತಿತ್ತು. ಹಣ ಕಟ್ಟಿದ ಮಾತ್ರಕ್ಕೆ ಋಣಭಾರ ಇಳಿಯುವುದಿಲ್ಲ. ಬೇಬಾಕಿ ಪತ್ರ ಪಡೆದು, ಬ್ಯಾಂಕಿನಿಂದ ಬಿಡುಗಡೆ ಮಾಡಿಸಿ, ಪಹಣಿಯಿಂದ ಅದು ಅಳಿಯಿತೇ ಎಂದು ಹೊಸ ಪ್ರತಿ ತೆಗೆದು ನೋಡಬೇಕು. ನಾವು ಕೊನೆಯ ಕೆಲಸ ಮಾಡಿರಲಿಲ್ಲ. ಆ ವರ್ಷ ಹನಿ ನೀರಾವರಿ ಹಾಕಿಸಲು ಆಗದೆ ಕೆಳಗಿನ ತಾಕಿನಲ್ಲಿ ಸಸಿಗಳು ಒಣಗಿದವು.

ಕಾಗದವೆಲ್ಲ ಸರಿಯಿದ್ದೂ ಅರ್ಜಿ ವಾಪಸು ಬರುವುದುಂಟು. ಆಗ ನೀರಿನ ಕಡೆ ನೋಡಬೇಕು. ಜಯಮಂಗಲಿ ದಡದ ಹಳೆಯ ತೋಟಗಳು ಕೆರೆ, ತಲಪರಿಗೆಗಳ ನೀರಿನಲ್ಲಿ ಬಂದವು. ಇಂದಿನವು ಕೊಳವೆಬಾವಿಯ ತೋಟಗಳು. ಮಧುಗಿರಿ, ಶಿರಾ, ಕೊರಟಗೆರೆ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಗೆ ಬಂದಿವೆ. ಅಂಥ ಕಡೆ ಹೊಸ ಕೊಳವೆಬಾವಿಗೆ ನಬಾರ್ಡ್‌ನ ಮರುಸಾಲ ಸಾಮಾನ್ಯವಾಗಿ ದೊರೆಯುವುದಿಲ್ಲ. ಬಾವಿಗೆಂದು ಕೇಳಿದವರಿಗೆ ‘ಇಲ್ಲ’ ಎಂದವರೇ ಹನಿ ನೀರಾವರಿಗೆ ‘ನೋಡೋಣ’ ಎಂದಾರು. ಕೇಳುವ ಉದ್ದೇಶವನ್ನೇ ಯೋಚಿಸಿ ಬರೆಯಬೇಕು.

ಒಂದು ಲೆಕ್ಕ ಹಾಕೋಣ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಅಡಿಕೆ ಗಿಡ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲೂ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. 20ರಂತೆ ಹಿಡಿದರೆ ಎಕರೆಗೆ 11,000, ಎರಡು ಎಕರೆಗೆ 22,000 ಲೀಟರ್. ನಿಮ್ಮ ಬಾವಿ ಗಂಟೆಗೆ 3,000 ಲೀಟರ್ ಕೊಟ್ಟು, ತ್ರೀಫೇಸ್ ಕರೆಂಟು ಏಳು ಗಂಟೆ ಬಂದರೆ ಸಿಗುವುದು 21,000. ಕಾಗದದ ಮೇಲೆಯೇ ಸಾಲದು, ಏಪ್ರಿಲ್ ತಿಂಗಳ ಮಾತು ಹಾಗಿರಲಿ. ಅಡಿಕೆ ಫಸಲಿಗೆ ಬರಲು ಐದರಿಂದ ಏಳು ವರ್ಷ ಬೇಕು. ನಾಲ್ಕನೆಯ ವರ್ಷ ಬಾವಿ ಬತ್ತಿದರೆ ಕಂತು ಎಲ್ಲಿಂದ ಬರಬೇಕು? ಸ್ಥಳ ತನಿಖೆಗೆ ಬಂದ ಅಧಿಕಾರಿ ‘ಮರುಪಾವತಿ ಸಾಮರ್ಥ್ಯ ಸಾಲದು’ ಎಂದು ಬರೆದರೆ ನಮಗೆ ಕಹಿಯೆನಿಸುತ್ತದೆ. ಆದರೆ ಈ ವಿಷಯದಲ್ಲಿ ನಾವು ಹಲವು ಸಲ ಬ್ಯಾಂಕಿನ ಪಕ್ಷವೇ. ಎರಡು ಎಕರೆಗೆ ಕೇಳಿ ಇಲ್ಲವೆನ್ನಿಸಿಕೊಳ್ಳುವ ಬದಲು, ಇರುವ ನೀರಿಗೆ ತಕ್ಕಂತೆ ಒಂದು ಎಕರೆಗೆ ಕೇಳುವುದು ಮೇಲು.

ಉಳಿದದ್ದು ಹಳೆಯ ಸಾಲದ ಚರಿತ್ರೆ. ಸಿಬಿಲ್ ಮೊದಲಾದ ಸಂಸ್ಥೆಗಳಲ್ಲಿ ನಿಮ್ಮ ಸಾಲಗಳ ಜೊತೆಗೆ ನೀವು ಜಾಮೀನು ನಿಂತ ಸಾಲಗಳೂ ದಾಖಲಾಗಿರಬಹುದು. ಭಾವಮೈದನ ಟ್ರ್ಯಾಕ್ಟರ್ ಸಾಲಕ್ಕೆ ಹಾಕಿದ ಸಹಿ ನಿಮ್ಮ ತೋಟದ ಅರ್ಜಿಗೆ ಅಡ್ಡ ಬರುತ್ತದೆ. ಬಡ್ಡಿ ಬಿಡಿಸಿಕೊಂಡು ಒಂದೇ ಗಂಟಿನಲ್ಲಿ ಇತ್ಯರ್ಥ ಮಾಡಿಕೊಂಡ ಸಾಲ ‘ಸೆಟಲ್ಡ್’ ಎಂದು ಕಾಣುತ್ತದೆ. ಪೂರ್ತಿ ತೀರಿಸಿದ ಸಾಲಕ್ಕಿರುವ ಬೆಲೆ ಅದಕ್ಕಿಲ್ಲ. ಅಂಥ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತಪ್ಪಿದ್ದರೆ ದೂರು ಕೊಡಿ. 30 ದಿನದಲ್ಲಿ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2024ರ ಏಪ್ರಿಲ್‌ನಿಂದ ಜಾರಿಗೆ ತಂದಿದೆ.

ವಾಣಿಜ್ಯ ಬ್ಯಾಂಕುಗಳು ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂಬುದೂ ರಿಸರ್ವ್ ಬ್ಯಾಂಕಿನದೇ ನಿಯಮ. ಕೌಂಟರಿನಲ್ಲಿ “ಆಗಲ್ಲ, ಹೋಗಿ” ಎಂದದ್ದನ್ನು ಕೇಳಿಕೊಂಡು ಬಸ್ಸು ಹತ್ತಬೇಡಿ. ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ ತಿರಸ್ಕಾರವೂ ಇಲ್ಲ, ಕಾರಣವೂ ಇಲ್ಲ. ಆದುದರಿಂದ ಮೊದಲು ಸ್ವೀಕೃತಿ ಪಡೆಯಿರಿ. ಸಣ್ಣ ಮೊತ್ತ ಸಾಕೆನ್ನುವವರು ಇನ್ನೊಂದನ್ನು ನೆನಪಿಡಬೇಕು: 2025ರ ಜನವರಿ 1ರಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳುವಂತಿಲ್ಲ.

ಒಮ್ಮೊಮ್ಮೆ ನಿಮ್ಮಲ್ಲೂ ನಿಮ್ಮ ಜಮೀನಿನಲ್ಲೂ ತಪ್ಪಿರುವುದಿಲ್ಲ. ತಾಲ್ಲೂಕು ಬ್ಯಾಂಕಿನ ವಸೂಲಾತಿ ಕುಸಿದಿದ್ದರೆ ಮೇಲಿನ ಬ್ಯಾಂಕಿನಿಂದ ಅದಕ್ಕೇ ಹಣ ಬರುವುದಿಲ್ಲ. ನೆರೆಯವರ ಸುಸ್ತಿ ನಮ್ಮ ಅರ್ಜಿಯನ್ನು ತಡೆಯುತ್ತದೆ. ಆಗ ಕಾಯುವುದು ಇಲ್ಲವೇ ಬೇರೆ ಬ್ಯಾಂಕಿಗೆ ಹೋಗುವುದು, ಇಷ್ಟೇ ದಾರಿ.

ಕೊರಟಗೆರೆಯ ಆ ಸದಸ್ಯರು ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದಾರೆ. ಇಬ್ಬರು ತಂಗಿಯರಲ್ಲಿ ಒಬ್ಬರು ಸಹಿ ಮಾಡಿದ್ದಾರೆ, ಇನ್ನೊಬ್ಬರು ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ತಿಂಗಳ ಬಡ್ಡಿ ನಡೆದೇ ಇದೆ. ಅರ್ಜಿ ಹಾಕಬೇಕೆಂದಿರುವ ಉಳಿದ ಸದಸ್ಯರು ಹೊಸ ಪಹಣಿ, ಋಣಭಾರ ಪತ್ರ ಮತ್ತು ವಂಶವೃಕ್ಷ ಹಿಡಿದು ಮೊದಲು ಸಂಘದ ಕಚೇರಿಗೆ ಬನ್ನಿ. ಒಟ್ಟಿಗೆ ಕುಳಿತು ಓದೋಣ.