ಗ್ಯಾಸಿಗಿಂತ ಕೀವಿನ ಭಯ ಹೆಚ್ಚು

"ಪೈಪು ಕಟ್ ಆಗಲ್ಲ ಅಲ್ವಾ ಮೇಡಂ?"

ಶಂಟ್ ಹಾಕಿದ ಮಗುವಿಗೆ ಅಪೆಂಡಿಕ್ಸ್ ಆಪರೇಷನ್ ಎಂದಾಗ ತಾಯಂದಿರು ಕೇಳುವುದು ಇದನ್ನೇ. ಅರಿವಳಿಕೆ ಕೊಡುವ ನನ್ನ ಅಳುಕು ಬೇರೆ. ಮಿದುಳಲ್ಲಿ ತುಂಬಿಕೊಳ್ಳುವ ನೀರು ಶಂಟ್ ಎಂಬ ಈ ಚರ್ಮದಡಿಯ ಸಿಲಿಕೋನ್ ಕೊಳವೆಯಲ್ಲಿ ಇಳಿದು ಹೊಟ್ಟೆಗೆ ಬೀಳುತ್ತದೆ. ಲ್ಯಾಪ್ರೊಸ್ಕೋಪಿಗೆ, ಅಂದರೆ ಕೀಹೋಲ್ ಆಪರೇಷನ್ನಿಗೆ, ಅದೇ ಹೊಟ್ಟೆಯನ್ನು ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸಬೇಕು. ಗ್ಯಾಸ್ ಹಿಮ್ಮುಖವಾಗಿ ತಲೆಗೇರಿದರೆ?

ಅದನ್ನು ತಡೆಯಲೆಂದೇ ಒಮ್ಮುಖ ವಾಲ್ವ್ ಇರುವುದು. ಅಮೆರಿಕದ ಜಾನ್ ಹೋಲ್ಟರ್ 1956ರ ಹೊತ್ತಿಗೆ ತನ್ನ ಮಗನಿಗಾಗಿ ಅಂಥದ್ದೊಂದನ್ನು ರೂಪಿಸಿದ. ಆತ ವೈದ್ಯನಲ್ಲ, ಯಂತ್ರ ಕೆಲಸದವ. ಪ್ರಯೋಗಾಲಯದಲ್ಲಿ ಆಪರೇಷನ್ನಿನ ಹಲವು ಪಟ್ಟು ಒತ್ತಡ ಕೊಟ್ಟು ನೋಡಿದಾಗಲೂ ವಾಲ್ವ್‌ಗಳು ಹಿಂದಕ್ಕೆ ಸೋರಿಲ್ಲ.

ಆದರೂ ಎಚ್ಚರ ಬೇಕು. ಒತ್ತಡವನ್ನು 8ರಿಂದ 10 ಮಿ.ಮೀ. ಪಾದರಸದೊಳಗೇ ಇಡಿ ಎನ್ನುತ್ತೇನೆ, ತಲೆ ತಗ್ಗಿಸಲು ಬಿಡುವುದಿಲ್ಲ. ರಕ್ತಕ್ಕೆ ಸೇರುವ ಕಾರ್ಬನ್ ಡೈಆಕ್ಸೈಡ್ ಮಿದುಳಿನ ರಕ್ತನಾಳಗಳನ್ನು ಹಿಗ್ಗಿಸಿ ತಲೆಯೊಳಗಿನ ಒತ್ತಡ ಏರಿಸುತ್ತದೆ. ಹಾಗಾಗಿ ಉಸಿರಿನಲ್ಲಿ ಅದರ ಅಂಕಿ ಮೇಲೇರಿದರೆ ವೆಂಟಿಲೇಟರ್ ವೇಗ ಹೆಚ್ಚಿಸುತ್ತೇನೆ. ಒಮ್ಮೆ ಸರ್ಜನ್ ಗ್ಯಾಸ್ ಸ್ವಲ್ಪ ಇಳಿಸಿ ಕ್ಯಾಮೆರಾವನ್ನು ಕೊಳವೆಯ ತುದಿಗೆ ಹಿಡಿದರು. ತಿಳಿನೀರು ಹನಿಹನಿಯಾಗಿ ಉದುರುತ್ತಿತ್ತು. ಶಂಟ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ನಾನು ನಿಜಕ್ಕೂ ಹೆದರುವುದು ಕೀವಿಗೆ. ಅಪೆಂಡಿಕ್ಸ್ ಒಡೆದು ಕೊಳವೆಗೆ ಸೋಂಕು ತಗುಲಿದರೆ ಅದು ಮಿದುಳಿನವರೆಗೂ ಏರಬಲ್ಲದು. ಆಗ ನ್ಯೂರೋಸರ್ಜನ್ ಕೊಳವೆಯ ಕೆಳತುದಿಯನ್ನು ಹೊರತೆಗೆದು ಚೀಲಕ್ಕೆ ಜೋಡಿಸಬೇಕಾಗಬಹುದು. ಸೋಂಕು ಹೋದ ಮೇಲೆ ಮತ್ತೆ ಹೊಸದು. ಹೊಟ್ಟೆ ತೆರೆದು ಮಾಡಿದರೂ ಈ ಅಪಾಯ ತಪ್ಪದು. ಆದ್ದರಿಂದ ಶಂಟ್ ಇದೆ ಎಂಬ ಒಂದೇ ಕಾರಣಕ್ಕೆ ಕೀಹೋಲ್ ಬೇಡವೆನ್ನುವುದು ನನಗೆ ಒಪ್ಪಿಗೆಯಿಲ್ಲ.

ಕಷ್ಟವಿರುವುದು ಆಮೇಲಿನ ವಾರ್ಡಿನಲ್ಲಿ. ಅರಿವಳಿಕೆಯ ನಂತರ ವಾಂತಿ ಸಾಮಾನ್ಯ, ಶಂಟ್ ಕಟ್ಟಿಕೊಂಡರೂ ಆಗುವುದು ವಾಂತಿಯೇ. ಜೊತೆಗೆ ತಲೆನೋವು, ಮಂಪರು ಕಂಡರೆ ಕಾಯುತ್ತ ಕೂರದೆ ಸ್ಕ್ಯಾನ್ ಮಾಡಿಸಬೇಕು. "ಇವಳು ಹೀಗೆ ಮಲಗೋಳಲ್ಲ" ಎಂದು ಅಮ್ಮ ಹೇಳಿದರೆ ನಾನು ಮಾನಿಟರಿಗಿಂತ ಆ ಮಾತನ್ನೇ ನಂಬುತ್ತೇನೆ.

ಹೆತ್ತವರಲ್ಲಿ ಒಂದು ಕೋರಿಕೆ: ಶಂಟ್ ಯಾವಾಗ ಹಾಕಿದ್ದು, ಯಾವ ವಾಲ್ವ್, ಕೊನೆಯ ಸ್ಕ್ಯಾನ್ ಯಾವುದು, ಇಷ್ಟನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಹೊಟ್ಟೆನೋವೆಂದು ಹೋದಾಗಲೂ ಮೊದಲು ಅದನ್ನು ತೋರಿಸಿ.