ಮೂರು ಸಂಜೆಗಳ ವಾದ

ಒಬ್ಬ ಕಲಾವಿದನ ಕೃತಿಗಳಲ್ಲಿ ಅತ್ಯುತ್ತಮವಾದುದು ಯಾವುದು ಎಂಬ ಪ್ರಶ್ನೆಯನ್ನು ಕೇಳುವುದು ಸುಲಭ. ಉತ್ತರ ಹೇಳಹೊರಟವನು ಮಾತ್ರ ಬಹುಬೇಗ ಇಕ್ಕಟ್ಟಿಗೆ ಸಿಲುಕುತ್ತಾನೆ. ಬಂಗಾಳದ ಚಿತ್ರನಿರ್ದೇಶಕ ಸತ್ಯಜಿತ್ ರಾಯ್ ಅವರ ಚಿತ್ರಗಳನ್ನು ಕುರಿತು ಇಂತಹದೊಂದು ವಾದ ನಮ್ಮ ಮನೆಯಲ್ಲಿ ಮೂರು ಸಂಜೆ ನಡೆಯಿತು. ರಾಯ್ ಅವರು 1921ರಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡರು. ಸಾಕ್ಷ್ಯಚಿತ್ರ, ಕಿರುಚಿತ್ರಗಳೂ ಸೇರಿ ಅವರು ಮಾಡಿದ ಚಿತ್ರಗಳು 36. ನಮ್ಮ ವಾದಕ್ಕೆ ಸಿಕ್ಕವು ಅವುಗಳಲ್ಲಿ ಮೂರೇ. ಅಷ್ಟಕ್ಕೇ ಊಟದ ಹೊತ್ತು ಮೀರುತ್ತಿತ್ತು.

ನಾನು ಆಗ ಊರು ಬಿಟ್ಟು ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜಿನಲ್ಲಿ ಓದುತ್ತಿದ್ದೆ. ರಜೆಗೆಂದು ಬಂದಾಗ ನಮ್ಮ ಊರಿನ ಫಿಲ್ಮ್ ಸೊಸೈಟಿಯವರು ಹೈಸ್ಕೂಲಿನ ಸಭಾಂಗಣದಲ್ಲಿ ಬಿಳಿಯ ಪರದೆ ಕಟ್ಟಿ ರಾಯ್ ಅವರ ಮೂರು ಚಿತ್ರಗಳನ್ನು ತೋರಿಸಿದರು. ಪ್ರೊಜೆಕ್ಟರು ಒಂದೇ ಇದ್ದುದರಿಂದ ಒಂದು ರೀಲು ಮುಗಿದು ಇನ್ನೊಂದನ್ನು ಹಾಕುವವರೆಗೆ ದೀಪ ಹೊತ್ತಿಸುತ್ತಿದ್ದರು. ಪಾತ್ರಗಳ ಮಾತು ಬಂಗಾಳಿ. ಪರದೆಯ ಅಡಿಯಲ್ಲಿ ಇಂಗ್ಲಿಷ್ ಅಕ್ಷರಗಳು. ಅವೂ ಬಿಳಿಯ ಪಂಚೆಯ ಮೇಲೆ ಬಂದರೆ ಕಾಣುತ್ತಿರಲಿಲ್ಲ. ನನ್ನ ಜೊತೆಗೆ ಬರುತ್ತಿದ್ದವರು ಚಿಕ್ಕಪ್ಪ ಮತ್ತು ತವರಿಗೆ ಬಂದಿದ್ದ ಅಕ್ಕ. ಚಿಕ್ಕಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಅಕ್ಕ ಪಿ.ಯು.ಸಿ. ಮುಗಿಸಿದ ವರ್ಷವೇ ಮದುವೆಯಾಗಿ ಓದನ್ನು ಅಲ್ಲಿಗೇ ನಿಲ್ಲಿಸಿದವಳು.

ಮೊದಲ ಸಂಜೆ ನೋಡಿದ್ದು ‘ಪಥೇರ್ ಪಾಂಚಾಲಿ’. ಹಾದಿಯ ಹಾಡು ಎಂಬುದು ಆ ಹೆಸರಿನ ಅರ್ಥ. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಯನ್ನು ಆಧರಿಸಿದ ಈ ಚಿತ್ರ 1955ರಲ್ಲಿ ತೆರೆಕಂಡಿತು. ರಾಯ್ ಅವರಿಗೆ ಇದು ಮೊದಲನೆಯ ಚಿತ್ರ. ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರಕಾರರಾಗಿದ್ದುಕೊಂಡೇ ಅವರು ಇದನ್ನು ಆರಂಭಿಸಿದರು. ಛಾಯಾಗ್ರಾಹಕ ಸುಬ್ರತ ಮಿತ್ರ ಅದಕ್ಕೆ ಮುಂಚೆ ಚಲನಚಿತ್ರದ ಕ್ಯಾಮೆರಾವನ್ನು ನಡೆಸಿದವರೇ ಅಲ್ಲ. ಹಣ ಹೊಂದಿಸಲು ರಾಯ್ ತಮ್ಮ ಪುಸ್ತಕಗಳನ್ನು ಮಾರಿದರು. ಹೆಂಡತಿಯ ಒಡವೆಗಳು ಗಿರವಿಗೆ ಹೋದುವು. ಅಪು ಮತ್ತು ದುರ್ಗಾ ಎಂಬ ಇಬ್ಬರು ಮಕ್ಕಳು ಹೂಬಿಟ್ಟ ಕಾಶದ ಹುಲ್ಲಿನ ನಡುವೆ ಓಡಿ ರೈಲನ್ನು ನೋಡುವ ದೃಶ್ಯವನ್ನು ಎಲ್ಲರೂ ಕೊಂಡಾಡುತ್ತಾರೆ. ಆ ಪ್ರಸಂಗದ ಒಂದು ಭಾಗವನ್ನು 1952ರ ಅಕ್ಟೋಬರಿನಲ್ಲಿ ತೆಗೆದು, ಉಳಿದುದಕ್ಕೆಂದು ಮುಂದಿನ ವಾರ ಹೋಗಿ ನೋಡಿದರೆ ಬಯಲಿನಲ್ಲಿ ಹೂವೇ ಇರಲಿಲ್ಲ, ದನಗಳು ಮೇದುಬಿಟ್ಟಿದ್ದುವು! ಮತ್ತೆ ಹೂ ಬಿಡುವ ಕಾಲ ಬರುವವರೆಗೆ ಕಾಯಬೇಕಾಯಿತು. ಕಡೆಗೆ ಪಶ್ಚಿಮ ಬಂಗಾಳ ಸರ್ಕಾರ ಹಣ ಕೊಟ್ಟಿತು. ಚಿತ್ರದ ಹೆಸರಿನಲ್ಲಿ ಹಾದಿ ಇದ್ದುದರಿಂದ ಆ ಹಣವನ್ನು ರಸ್ತೆ ಸುಧಾರಣೆಯ ಲೆಕ್ಕದಲ್ಲಿ ಬರೆದರೆಂಬ ಮಾತು ಪ್ರಸಿದ್ಧವಾಗಿದೆ.

ಈ ಸಂಗತಿಯನ್ನು ಕೇಳಿದ ಮೇಲೆ ಚಿಕ್ಕಪ್ಪನವರ ಉತ್ಸಾಹಕ್ಕೆ ಮಿತಿಯೇ ಇಲ್ಲದಾಯಿತು. “ನನ್ನ ಸರ್ವಿಸಿನಲ್ಲಿ ಎಷ್ಟೋ ರಸ್ತೆಗಳ ಬಿಲ್ಲಿಗೆ ಸಹಿ ಹಾಕಿದ್ದೇನೆ. ಇಷ್ಟು ದೂರ ಹೋದ ರಸ್ತೆ ಒಂದೂ ಇಲ್ಲ” ಎಂದು ನಕ್ಕು, ರಾಯ್ ಅವರ ಚಿತ್ರಗಳಲ್ಲಿ ಇದೇ ಶ್ರೇಷ್ಠವೆಂದು ಉಳಿದೆರಡನ್ನು ನೋಡುವ ಮೊದಲೇ ತೀರ್ಪು ಕೊಟ್ಟರು.

“ಕಷ್ಟಪಟ್ಟು ಕಟ್ಟಿದರು ಎಂಬ ಕಾರಣಕ್ಕೆ ಸೇತುವೆ ಗಟ್ಟಿಯಾಗುತ್ತದೆಯೇ ಚಿಕ್ಕಪ್ಪ? ನೀವೇ ಹೇಳಿ” ಎಂದೆ. ಚಿತ್ರದ ಮೊದಲ ಭಾಗ ನನಗೆ ಕೊಂಚ ಸಡಿಲವಾಗಿ ಕಂಡಿತ್ತು. ಹೊಸಬರು ಕಲಿಯುತ್ತ ಕಲಿಯುತ್ತ ಮಾಡಿದ ಕೆಲಸವೆಂಬುದು ಅಲ್ಲಲ್ಲಿ ತಿಳಿಯುತ್ತದೆ. ಈ ಮಾತು ಚಿಕ್ಕಪ್ಪನವರಿಗೆ ನಾಟಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಟ್ಟಿಯಾಗುವುದಿಲ್ಲ, ಒಪ್ಪಿದೆ. ಹಾಗಾದರೆ ಅದನ್ನು ಮಾಡಿದ ಕಥೆ ಬೇಡ. ತಾಯಿ ಅಳುವುದನ್ನು ನೋಡಿದೆಯಲ್ಲ, ಅದಕ್ಕೆ ಏನು ಹೇಳುತ್ತೀಯೆ?” ಎಂದರು.

ಆ ದೃಶ್ಯವನ್ನು ಇಲ್ಲಿ ವಿವರಿಸಲೇಬೇಕು. ಬಹುಕಾಲ ಊರಿನಲ್ಲಿರದ ತಂದೆ ಹರಿಹರ ಮನೆಗೆ ಮರಳುತ್ತಾನೆ. ಮಗಳು ದುರ್ಗಾ ಸತ್ತಿರುವುದು ಅವನಿಗೆ ತಿಳಿಯದು. ತಂದ ವಸ್ತುಗಳನ್ನು ಒಂದೊಂದಾಗಿ ತೆಗೆದು ತೋರಿಸುತ್ತ, ಮಗಳಿಗೆಂದು ಕೊಂಡ ಸೀರೆಯನ್ನು ಹೆಂಡತಿ ಸರ್ವಜಯಳ ಕೈಗೆ ಕೊಡುತ್ತಾನೆ. ಅದುವರೆಗೆ ಕಲ್ಲಿನಂತೆ ಕುಳಿತಿದ್ದ ಅವಳು ಸೀರೆಯನ್ನು ಬಾಯಿಗೆ ಒತ್ತಿಕೊಂಡು ಅಳುತ್ತಾಳೆ. ಅವಳ ಅಳುವಿನ ದನಿ ಮಾತ್ರ ನಮಗೆ ಕೇಳಿಸುವುದಿಲ್ಲ; ಅದರ ಸ್ಥಾನದಲ್ಲಿ ಕೇಳುವುದು ತಾರ್ ಶಹನಾಯಿ ಎಂಬ ತಂತಿವಾದ್ಯದ ಎತ್ತರದ ಸ್ವರ. ಅವಳು ಬಾಯಿ ತೆರೆದು ರೋದಿಸಿದ್ದರೆ ನಾವು ಕನಿಕರಪಡುತ್ತಿದ್ದೆವು. ದನಿಯನ್ನು ಕಸಿದುಕೊಂಡದ್ದರಿಂದ ಆ ದುಃಖವನ್ನು ತುಂಬಿಕೊಳ್ಳಬೇಕಾದ ಹೊಣೆ ನಮ್ಮ ಮೇಲೆಯೇ ಬಿತ್ತು. ಸಭಾಂಗಣದಲ್ಲಿ ಯಾರೋ ಹಿರಿಯರು ಬಿಕ್ಕಿದ್ದನ್ನು ನಾನೂ ಕೇಳಿದ್ದೆ. ಚಿಕ್ಕಪ್ಪನವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಎರಡನೆಯ ಸಂಜೆ ‘ಅಪರಾಜಿತೊ’. ಇದು 1956ರ ಚಿತ್ರ. ಅಪುವಿನ ಕಥೆಯ ಮುಂದಿನ ಭಾಗ. ಕಾಶಿಯ ಮನೆಯ ಅಂಗಳವನ್ನು ಕಲ್ಕತ್ತದ ಸ್ಟುಡಿಯೊದಲ್ಲಿಯೇ ಕಟ್ಟಿ, ಮೇಲೆ ಬಿಳಿಯ ಬಟ್ಟೆ ಹರಡಿ, ದೀಪಗಳ ಬೆಳಕನ್ನು ಅದಕ್ಕೆ ತಾಗಿಸಿ ಕೆಳಕ್ಕೆ ಇಳಿಯುವಂತೆ ಮಾಡಿದರು. ಅದು ಕೃತಕ ಬೆಳಕೆಂದು ಯಾರೂ ಹೇಳಲಾರರು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. ಅಪು ವಿದ್ಯಾರ್ಥಿವೇತನ ಪಡೆದು ಕಲ್ಕತ್ತಕ್ಕೆ ಓದಲು ಹೋಗುತ್ತಾನೆ. ಹಳ್ಳಿಯಲ್ಲಿ ತಾಯಿ ಒಂಟಿಯಾಗುತ್ತಾಳೆ. ರಜೆಗೆ ಬಂದ ಮಗನೊಡನೆ ಅವಳಿಗೆ ಮಾತಾಡುವ ಆಸೆ, ಅವನಿಗೆ ನಿದ್ದೆ. ಒಮ್ಮೆ ಮಾತ್ರ ಅವನು ನಿಲ್ದಾಣಕ್ಕೆ ಹೋಗಿ, ರೈಲು ಬಂದರೂ ಹತ್ತದೆ, ಮನೆಗೆ ಮರಳಿ ರೈಲು ತಪ್ಪಿತೆಂದು ತಾಯಿಗೆ ಸುಳ್ಳು ಹೇಳುತ್ತಾನೆ. ಕಡೆಯಲ್ಲಿ ಅವನು ಬರುವಷ್ಟರಲ್ಲಿ ತಾಯಿ ಇಲ್ಲ. ಅವನು ಅತ್ತು, ಗಂಟು ಕಟ್ಟಿಕೊಂಡು, ಮತ್ತೆ ಕಲ್ಕತ್ತಕ್ಕೇ ನಡೆಯುತ್ತಾನೆ.

ಬಂಗಾಳದ ಪ್ರೇಕ್ಷಕರಿಗೆ ಈ ಚಿತ್ರ ರುಚಿಸಲಿಲ್ಲ. ತಾಯಿಯಿಂದ ದೂರವಾಗುವ ಮಗನನ್ನು ಅವರು ಒಪ್ಪದಾದರು. 1957ರಲ್ಲಿ ವೆನಿಸ್ ಚಿತ್ರೋತ್ಸವ ಇದಕ್ಕೇ ತನ್ನ ಅತ್ಯುನ್ನತ ಪ್ರಶಸ್ತಿಯಾದ ಸುವರ್ಣ ಸಿಂಹವನ್ನು ಕೊಟ್ಟಿತು. ಚಿಕ್ಕಪ್ಪನವರೂ ಬಂಗಾಳದವರ ಪಕ್ಷವನ್ನೇ ಹಿಡಿದರು. “ಆ ಹುಡುಗ ಸ್ವಾರ್ಥಿ ಕಣಯ್ಯ” ಎಂದರು. ನಾನು ಬಹಳ ಹೊತ್ತು ವಾದಿಸಿದೆ. ಅಪು ತಾಯಿಯನ್ನು ಪ್ರೀತಿಸದವನಲ್ಲ, ಓದನ್ನೂ ಪ್ರೀತಿಸಿದ, ಎರಡೂ ಒಂದೇ ಊರಿನಲ್ಲಿ ಇರಲಿಲ್ಲ. ಇದನ್ನು ಯಾರ ಮೇಲೂ ತಪ್ಪು ಹೊರಿಸದೆ ತೋರಿಸಿರುವುದರಿಂದ ಇದೇ ಶ್ರೇಷ್ಠ ಚಿತ್ರವೆಂದೆ. ನನ್ನ ದನಿ ಅಗತ್ಯಕ್ಕಿಂತ ಏರಿತ್ತೆಂದು ಈಗ ತೋರುತ್ತದೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ನಾನು ಹಾಸ್ಟೆಲಿಗೆ ಹೊರಡಲು ನಾಲ್ಕೇ ದಿನವಿತ್ತು.

ಮೂರನೆಯದು 1964ರ ‘ಚಾರುಲತಾ’. ರವೀಂದ್ರನಾಥ ಠಾಕೂರರ ‘ನಷ್ಟನೀಡ’ ಎಂಬ ಕಥೆ ಇದಕ್ಕೆ ಮೂಲ. ಕಳೆದ ಶತಮಾನಕ್ಕಿಂತ ಹಿಂದಿನ ಕಲ್ಕತ್ತದ ಸಿರಿವಂತರ ಮನೆ. ಗಂಡ ಭೂಪತಿ ಸ್ವಂತ ಪತ್ರಿಕೆಯೊಂದನ್ನು ನಡೆಸುವುದರಲ್ಲಿ ಮುಳುಗಿದವನು. ಮೊದಲ ಏಳು ನಿಮಿಷಗಳಲ್ಲಿ ಮಾತು ಇಲ್ಲವೆಂದೇ ಹೇಳಬೇಕು. ಚಾರು ಕರವಸ್ತ್ರಕ್ಕೆ ಕಸೂತಿ ಹಾಕುತ್ತಾಳೆ, ಪುಸ್ತಕ ತೆಗೆಯುತ್ತಾಳೆ, ಹಿಡಿಕೆಯುಳ್ಳ ದುರ್ಬೀನು ಹಿಡಿದು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಓಡಿ ಬೀದಿಯಲ್ಲಿ ಹೋಗುವವರನ್ನು ನೋಡುತ್ತಾಳೆ. ಅಷ್ಟರಲ್ಲಿ ಗಂಡ ಪುಸ್ತಕ ಓದಿಕೊಂಡೇ ಪಡಸಾಲೆಯಲ್ಲಿ ಅವಳನ್ನು ದಾಟಿ ಹೋಗುತ್ತಾನೆ. ಅವಳಿರುವುದು ಅವನ ಕಣ್ಣಿಗೆ ಬೀಳುವುದಿಲ್ಲ. ಅವಳು ಅದೇ ದುರ್ಬೀನನ್ನು ಎತ್ತಿ ಅವನ ಬೆನ್ನನ್ನು ನೋಡುತ್ತಾಳೆ.

ಮನೆಗೆ ನಡೆದು ಬರುವಾಗ ನಾನು ನನ್ನ ಪಾಂಡಿತ್ಯವನ್ನು ತೋರಿಸಿದೆ. ರಾಯ್ ಅವರಿಗೆ ತಮ್ಮ ಚಿತ್ರಗಳಲ್ಲಿ ದೋಷ ಅತ್ಯಂತ ಕಡಿಮೆಯಾಗಿ ಕಂಡದ್ದು ಇದರಲ್ಲಿಯೇ. ಮತ್ತೊಮ್ಮೆ ಮಾಡಬೇಕಾಗಿ ಬಂದರೂ ಹೀಗೆಯೇ ಮಾಡುವುದಾಗಿ ಅವರು ಹೇಳಿದ್ದಾರೆ ಎಂದೆ. “ಮಕ್ಕಳಲ್ಲಿ ಯಾರು ಚೆಲುವರು ಅಂತ ಹೆತ್ತವರನ್ನು ಕೇಳಿ ತೀರ್ಮಾನ ಮಾಡುತ್ತಾರೇನೋ? ಅಲ್ಲದೆ, ದೋಷವಿಲ್ಲದ್ದೆಲ್ಲ ದೊಡ್ಡದು ಅಂತ ಯಾರು ಹೇಳಿದರು? ದೊಡ್ಡ ಮನೆ, ಒಬ್ಬಳಿಗೆ ಬೇಸರ, ಅಷ್ಟೇ ಅಲ್ಲವೆ ಕಥೆ?” ಎಂದು ಚಿಕ್ಕಪ್ಪ ತಳ್ಳಿಹಾಕಿದರು. ನಾನೂ ನಕ್ಕೆ.

ಎರಡು ದಿನವೂ ನಮ್ಮ ಮಾತನ್ನು ಕೇಳುತ್ತ ಸುಮ್ಮನಿದ್ದ ಅಕ್ಕ ಆಗ ನಿಂತಳು. “ನಿಮ್ಮಿಬ್ಬರಿಗೂ ಆ ಮನೆಯ ಮಧ್ಯಾಹ್ನ ಗೊತ್ತಿಲ್ಲ. ಭೂಪತಿ ಕೆಟ್ಟವನಾಗಿದ್ದಿದ್ದರೆ ಅವಳು ಜಗಳವಾಡಬಹುದಿತ್ತು. ಒಳ್ಳೆಯವನ ಹತ್ತಿರ ಏನೆಂದು ಜಗಳವಾಡುತ್ತೀರಿ ಚಿಕ್ಕಪ್ಪ? ಊಟಕ್ಕಿದೆ, ಸೀರೆಗಿದೆ, ಬೈಯುವವರಿಲ್ಲ. ಗಡಿಯಾರ ಮಾತ್ರ ಮೂರರಿಂದ ನಾಲ್ಕಕ್ಕೆ ಹೋಗುವುದಿಲ್ಲ” ಎಂದಳು. ಬಳಿಕ ನನ್ನ ಕಡೆ ತಿರುಗಿ, “ನಿನ್ನ ಅಪು ರೈಲು ಹತ್ತಿ ಹೋದ ಕಣೋ. ಇವಳಿಗೆ ರೈಲೇ ಇಲ್ಲ” ಎಂದಳು.

ಭಾವ ನಿಜಕ್ಕೂ ಒಳ್ಳೆಯವರು. ಅದು ನಮಗೆಲ್ಲ ಗೊತ್ತಿತ್ತು. ಆದುದರಿಂದಲೇ ಯಾರಿಗೂ ಮಾತು ಹೊರಡಲಿಲ್ಲ.

ಲೋಕದ ವಿಮರ್ಶಕರೂ ಇಂತಹ ವಾದವನ್ನು ಮಾಡುತ್ತಲೇ ಇದ್ದಾರೆ. ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಗಳಿಗೊಮ್ಮೆ ವಿಮರ್ಶಕರ ಮತ ಕೇಳಿ ಜಗತ್ತಿನ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡುತ್ತದೆ. ಅದರಲ್ಲಿ ‘ಪಥೇರ್ ಪಾಂಚಾಲಿ’ 1992ರಲ್ಲಿ 6ನೆಯ ಸ್ಥಾನದಲ್ಲಿತ್ತು, 2022ರಲ್ಲಿ 35ನೆಯದರಲ್ಲಿ. ಈ ಮೂವತ್ತು ವರ್ಷಗಳಲ್ಲಿ ಆ ಚಿತ್ರದೊಳಗೆ ಒಂದು ಎಲೆಯೂ ಅಲುಗಿಲ್ಲ. ಬದಲಾದವರು ಮತ ಹಾಕಿದವರು. ನಾನೂ ಈಗ ಮೂರನ್ನೂ ಹಲವು ಸಲ ನೋಡಿದ್ದೇನೆ. ಒಂದನ್ನೇ ಆರಿಸೆಂದರೆ ಇಂದಿಗೂ ‘ಅಪರಾಜಿತೊ’ ಎನ್ನುತ್ತೇನೆ. ಆದರೆ ಕಟ್ಟಡದ ಕೆಲಸವನ್ನು ನೋಡುವ ಕಣ್ಣಿನಿಂದ ನೋಡಿದರೆ ‘ಚಾರುಲತಾ’ವೇ ಮೇಲು ಎಂಬುದನ್ನು ಒಪ್ಪಿಕೊಳ್ಳದೆ ಗತ್ಯಂತರವಿಲ್ಲ.

ಇದನ್ನು ನನಗಿಂತ ಮೊದಲೇ ಒಪ್ಪಿದವರು ಚಿಕ್ಕಪ್ಪ. ಅಂದು ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತ ಕುಳಿತಿದ್ದವರು, “ಆ ದುರ್ಬೀನಿನ ವಿಷಯ ಇದೆಯಲ್ಲಮ್ಮ, ಅದು ನನಗೆ ತಿಳಿಯಲಿಲ್ಲ. ಹತ್ತಿರ ಇರುವವನನ್ನು ನೋಡುವುದಕ್ಕೆ ಅದು ಯಾಕೆ ಅಂತ ಅಂದುಕೊಂಡೆ” ಎಂದರು. ಅಕ್ಕ ಅವರ ಪಕ್ಕದಲ್ಲಿ ಕುಳಿತು ಆ ಏಳು ನಿಮಿಷಗಳನ್ನು ಮೊದಲಿನಿಂದ ಹೇಳತೊಡಗಿದಳು. ಚಿಕ್ಕಪ್ಪ ಅಡಕತ್ತರಿಯನ್ನು ಕೆಳಗಿಟ್ಟು ಕೇಳಿದರು.